ಎಕ್ಸ್ ಮೇಲೆ ಯಾವುದು, ವೈ ಮೇಲೆ ಯಾವುದು? ಗ್ರಾಫ್ ಹಾಳೆ ತೆಗೆಯುವ ಮೊದಲು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೀರಿ ಅಂದುಕೊಳ್ಳಿ. ಸುಮಾರು 60 ಕಿಲೋಮೀಟರ್ ದಾರಿ. ಕೈಯಲ್ಲಿ ಒಂದು ನೋಟ್‌ಬುಕ್, ಜೇಬಿನಲ್ಲಿ ಮೊಬೈಲ್. ಈ ಪಯಣದ ಲೆಕ್ಕವನ್ನು ಎರಡು ರೀತಿ ಬರೆಯಬಹುದು. ಪ್ರತಿ ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ ಬಸ್ಸು ಎಷ್ಟು ದೂರ ಬಂತು ಎಂದು ನೋಡಿ ಬರೆಯುವುದು ಒಂದು ರೀತಿ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಬಂದಾಗಲೆಲ್ಲ ಗಡಿಯಾರ ನೋಡಿ ಎಷ್ಟು ಹೊತ್ತಾಯಿತು ಎಂದು ಬರೆಯುವುದು ಇನ್ನೊಂದು ರೀತಿ. ಬಸ್ಸು ಅದೇ, ದಾರಿ ಅದೇ, ಡ್ರೈವರ್ ಅದೇ. ಆದರೆ ಮೊದಲ ಸಲ ನೀವು ಹೊತ್ತನ್ನು ಆರಿಸಿಕೊಂಡು ದೂರ ಎಷ್ಟು ಎಂದು ಕೇಳಿದಿರಿ. ಎರಡನೇ ಸಲ ದೂರವನ್ನು ಆರಿಸಿಕೊಂಡು ಹೊತ್ತು ಎಷ್ಟು ಎಂದು ಕೇಳಿದಿರಿ.

ಹೀಗೆ ಬೆಲೆ ಬದಲಾಗುವ ಸಂಗತಿಗೆ ಚರ ಎನ್ನುತ್ತಾರೆ. ಆರಿಸಿಕೊಂಡದ್ದು ಸ್ವತಂತ್ರ ಚರ. ಕೇಳಿ ತಿಳಿದುಕೊಂಡದ್ದು ಅವಲಂಬಿತ ಚರ. ಸ್ವತಂತ್ರ ಚರ ಎಕ್ಸ್ ಅಕ್ಷದ ಮೇಲೆ, ಅಂದರೆ ಅಡ್ಡಗೆರೆಯ ಮೇಲೆ ಹೋಗುತ್ತದೆ. ಅವಲಂಬಿತ ಚರ ವೈ ಅಕ್ಷದ ಮೇಲೆ, ಉದ್ದಗೆರೆಯ ಮೇಲೆ.

ಇಷ್ಟೇನಾ ಅಂತ ಅನ್ನಿಸಬಹುದು. ಆದರೆ ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುವ ಹತ್ತನೇ ತರಗತಿ, ಪಿಯುಸಿ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ಅವರು ಸೂತ್ರದ ಮುಖ ನೋಡುತ್ತಾರೆ. ಸಮ ಚಿಹ್ನೆಯ ಎಡಗಡೆ ಒಂಟಿಯಾಗಿ ಇರುವುದು ಅವಲಂಬಿತ, ಬಲಗಡೆ ಇರುವುದೆಲ್ಲ ಸ್ವತಂತ್ರ ಎಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದು ತಪ್ಪು ದಾರಿ. ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ನ್ಯೂಟನ್ನನ ಎರಡನೇ ನಿಯಮವನ್ನು ಬರೆಯುತ್ತೇವೆ. ಎಡಗಡೆ ಬಲವೇ ಇದೆ. ಆದರೆ ಗಾಡಿಯನ್ನು ತಳ್ಳುವವರು ನೀವು, ಎಷ್ಟು ಬಲ ಹಾಕಬೇಕು ಎಂದು ತೀರ್ಮಾನ ಮಾಡುವವರೂ ನೀವು. ವೇಗೋತ್ಕರ್ಷ ಅದಕ್ಕೆ ಸಿಗುವ ಉತ್ತರ. ಸಮ ಚಿಹ್ನೆ ಬಾಣದ ಗುರುತಲ್ಲ. ಯಾವುದು ಯಾವುದನ್ನು ನಡೆಸುತ್ತದೆ ಎಂದು ಅದು ಹೇಳುವುದಿಲ್ಲ, ಎರಡೂ ಕಡೆಯ ಬೆಲೆ ಒಂದೇ ಎಂದಷ್ಟೇ ಹೇಳುತ್ತದೆ. ಯಾವುದು ಸ್ವತಂತ್ರ ಎಂದು ಹೇಳುವುದು ನೀವು ಮಾಡಿದ ಪ್ರಯೋಗ, ನೀವು ಕೇಳಿದ ಪ್ರಶ್ನೆ.

ಹಾಗಾಗಿ ಹಾಳೆ ತೆಗೆಯುವ ಮೊದಲು ಒಂದು ವಾಕ್ಯ ಬರೆಯಿರಿ. "ನಾನು ಇದನ್ನು ಬದಲಾಯಿಸಿದರೆ, ಅದು ಏನಾಗುತ್ತದೆ?" ಇದು ಎನ್ನುವ ಜಾಗದಲ್ಲಿ ಬರುವುದು ಸ್ವತಂತ್ರ ಚರ, ಅದು ಎನ್ನುವ ಜಾಗದಲ್ಲಿ ಬರುವುದು ಅವಲಂಬಿತ ಚರ. ದಾರದ ಉದ್ದ ಬದಲಾಯಿಸಿದರೆ ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗಾಡಲು ಬಿಟ್ಟ ಗುಂಡಿನ, ಆಂದೋಲನದ ಅವಧಿ (ಒಮ್ಮೆ ಹೋಗಿ ಬರಲು ಬೇಕಾದ ಹೊತ್ತು) ಏನಾಗುತ್ತದೆ? ಸ್ಪ್ರಿಂಗಿಗೆ ತೂಕ ಹೆಚ್ಚಿಸಿದರೆ ಅದು ಎಷ್ಟು ಹಿಗ್ಗುತ್ತದೆ? ಈ ವಾಕ್ಯವನ್ನು ತಿರುಗಿಸಿಯೂ ಓದಿ ನೋಡಿ. ಅವಧಿ ಬದಲಾಯಿಸಿದರೆ ದಾರದ ಉದ್ದ ಏನಾಗುತ್ತದೆ ಅಂದರೆ ಕಿವಿಗೇ ಸರಿ ಅನ್ನಿಸುವುದಿಲ್ಲ ಅಲ್ವಾ? ನಿಮ್ಮ ಕೈ ಯಾವುದನ್ನು ಮುಟ್ಟುತ್ತದೆ, ಕಣ್ಣು ಯಾವುದನ್ನು ಓದುತ್ತದೆ ಎಂದು ಗಮನಿಸಿದರೂ ಸಾಕು. ಕೈ ಮುಟ್ಟಿದ್ದು ಎಕ್ಸ್, ಕಣ್ಣು ಓದಿದ್ದು ವೈ.

ಕೈಗೆ ಸಿಗದ ಸ್ವತಂತ್ರ ಚರಗಳೂ ಇವೆ. ಅದೇ ಬಸ್ಸಿನಲ್ಲಿ ಚಿತ್ರದುರ್ಗ ಹತ್ತಿರ ಬಂದಾಗ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳು ಕಾಣುತ್ತವೆ. ಗಾಳಿಯ ವೇಗವನ್ನು ಯಾರೂ ಹೆಚ್ಚು ಕಡಿಮೆ ಮಾಡಲು ಆಗುವುದಿಲ್ಲ. ಆದರೂ ಗಾಳಿಯ ವೇಗವೇ ಸ್ವತಂತ್ರ ಚರ, ಯಂತ್ರ ಕೊಡುವ ವಿದ್ಯುತ್ತು ಅವಲಂಬಿತ ಚರ. ಯಂತ್ರ ತಿರುಗಿದ್ದರಿಂದ ಗಾಳಿ ಬೀಸಲಿಲ್ಲ, ಗಾಳಿ ಬೀಸಿದ್ದರಿಂದ ಯಂತ್ರ ತಿರುಗಿತು. ಇಲ್ಲಿ ಸಂಬಂಧ ನೇರ ಗೆರೆಯೂ ಅಲ್ಲ. ಗಾಳಿಯಲ್ಲಿ ಹರಿದು ಬರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಗಾಳಿಯಂತ್ರ ಹಾಕಲು ಎತ್ತರದ ಗುಡ್ಡಗಳನ್ನೇ ಹುಡುಕುವುದಕ್ಕೆ ಇದು ದೊಡ್ಡ ಕಾರಣ. ಸ್ವಲ್ಪ ಜಾಸ್ತಿ ಗಾಳಿ ಸಿಕ್ಕರೂ ವಿದ್ಯುತ್ತು ಬಹಳ ಜಾಸ್ತಿ ಸಿಗುತ್ತದೆ. ಆದರೆ ಯಂತ್ರಕ್ಕೂ ಒಂದು ಮಿತಿ ಇದೆ. ಆ ಮಿತಿ ಮುಟ್ಟಿದ ಮೇಲೆ ಗಾಳಿ ಇನ್ನೂ ಜೋರಾದರೂ ಗ್ರಾಫ್ ಮೇಲೆ ಹೋಗದೆ ಚಪ್ಪಟೆಯಾಗಿ ಸಾಗುತ್ತದೆ.

ಮತ್ತೆ ಬಸ್ಸಿಗೆ ಬರೋಣ, ಏಕೆಂದರೆ ಅಲ್ಲಿ ಇನ್ನೊಂದು ಒಳ್ಳೆಯ ವಿಷಯ ಬಾಕಿ ಇದೆ. ಕಲ್ಲು ನೋಡಿ ಹೊತ್ತು ಬರೆದರೂ ಪುಸ್ತಕಗಳಲ್ಲಿ ಕಾಲವನ್ನು ಎಕ್ಸ್ ಮೇಲೆ ಹಾಕುವುದೇ ರೂಢಿ. ಯಾಕೆ? ಬಸ್ಸು ಆನಗೋಡು ದಾಟಿ ಭರಮಸಾಗರದಲ್ಲಿ ಐದು ನಿಮಿಷ ನಿಂತಿತು ಅನ್ನಿ. ಕಾಲ ಎಕ್ಸ್ ಮೇಲಿದ್ದರೆ ಆ ಐದು ನಿಮಿಷ ಒಂದು ಅಡ್ಡ ಗೆರೆಯಾಗಿ ಕಾಣುತ್ತದೆ. ಹೊತ್ತು ಹೋಯಿತು, ದೂರ ಹೆಚ್ಚಲಿಲ್ಲ. ನೋಡಿದ ಕೂಡಲೇ ತಿಳಿಯುತ್ತದೆ. ಈಗ ಅಕ್ಷಗಳನ್ನು ಅದಲುಬದಲು ಮಾಡಿ, ದೂರವನ್ನು ಎಕ್ಸ್ ಮೇಲೆ ಹಾಕಿ. ಭರಮಸಾಗರ ಎನ್ನುವ ಒಂದೇ ಜಾಗದಲ್ಲಿ ಗೆರೆ ನೆಟ್ಟಗೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬಸ್ಸು ಭರಮಸಾಗರದಲ್ಲಿ ಇದ್ದದ್ದು ಎಷ್ಟು ಗಂಟೆಗೆ ಎಂದು ಕೇಳಿದರೆ ಒಂದು ಉತ್ತರ ಇಲ್ಲ, ಐದು ನಿಮಿಷದ ಪ್ರತಿ ಕ್ಷಣವೂ ಉತ್ತರವೇ. ಆದರೆ 10 ಗಂಟೆ 20 ನಿಮಿಷಕ್ಕೆ ಬಸ್ಸು ಎಲ್ಲಿತ್ತು ಎಂದರೆ ಒಂದೇ ಉತ್ತರ. ಒಂದು ಬಸ್ಸು ಒಂದು ಕ್ಷಣದಲ್ಲಿ ಒಂದೇ ಜಾಗದಲ್ಲಿ ಇರಲು ಸಾಧ್ಯ. ಎಕ್ಸ್‌ನ ಒಂದು ಬೆಲೆಗೆ ವೈಯ ಒಂದೇ ಬೆಲೆ ಎನ್ನುವುದನ್ನೇ ಗಣಿತದಲ್ಲಿ ಫಂಕ್ಷನ್ ಎನ್ನುತ್ತಾರೆ. ಈ ಮಾತನ್ನು ಮಕ್ಕಳು ಸುಮ್ನೆ ಬರೆದುಕೊಂಡು ಹೋಗುತ್ತಾರೆ, ನಿಂತ ಬಸ್ಸನ್ನು ತೋರಿಸಿದರೆ ತಕ್ಷಣ ಹಿಡಿಯುತ್ತಾರೆ.

ಜೊತೆಗೆ ಇಳಿಜಾರಿನ, ಅಂದರೆ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎನ್ನುವುದರ ಲಾಭವೂ ಇದೆ. ಕಾಲ ಎಕ್ಸ್ ಮೇಲಿದ್ದರೆ ಗೆರೆಯ ಇಳಿಜಾರು ನೇರವಾಗಿ ವೇಗವನ್ನು ಕೊಡುತ್ತದೆ. ದೂರ ಎಕ್ಸ್ ಮೇಲಿದ್ದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎನ್ನುವುದು ಸಿಗುತ್ತದೆ. ಅದೂ ತಪ್ಪಲ್ಲ, ಓಟಗಾರರು ತಮ್ಮ ಓಟವನ್ನು ಹಾಗೇ ಲೆಕ್ಕ ಹಾಕುತ್ತಾರೆ. ಆದರೆ ಪರೀಕ್ಷೆಯಲ್ಲಿ ವೇಗ ಕೇಳಿದಾಗ ಇದನ್ನು ಬರೆದರೆ ಉತ್ತರ ತಲೆಕೆಳಗಾಗುತ್ತದೆ.

ಈಗ ಎಲ್ಲರನ್ನೂ ಗೊಂದಲಕ್ಕೆ ಹಾಕುವ ಓಮ್ ನಿಯಮ. ತಂತಿಯ ಬಿಸಿ ಬದಲಾಗದಿದ್ದರೆ ವೋಲ್ಟೇಜ್ ಏರಿದಷ್ಟೇ ಪಟ್ಟು ಪ್ರವಾಹವೂ ಏರುತ್ತದೆ ಎನ್ನುವುದು ಆ ನಿಯಮ. ಪ್ರಯೋಗದಲ್ಲಿ ನೀವು ಒಂದೊಂದೇ ಶುಷ್ಕಕೋಶ ಸೇರಿಸುತ್ತಾ ಹೋಗುತ್ತೀರಿ. 1.5 ವೋಲ್ಟ್, 3, 4.5, 6. ಪ್ರತಿ ಸಲ ಆಮ್ಮೀಟರ್ ನೋಡಿ ವಿದ್ಯುತ್ ಪ್ರವಾಹ ಬರೆಯುತ್ತೀರಿ. ರೋಧ, ಅಂದರೆ ಪ್ರವಾಹಕ್ಕೆ ತಂತಿ ಒಡ್ಡುವ ಅಡ್ಡಿ, 10 ಓಮ್ ಆಗಿದ್ದರೆ 0.15, 0.30, 0.45, 0.60 ಆಂಪಿಯರ್. ಇದು ಲೆಕ್ಕದ ಬೆಲೆ. ನಿಜವಾದ ಕೋಶಕ್ಕೆ ಒಳಗೂ ಸ್ವಲ್ಪ ರೋಧ ಇರುವುದರಿಂದ ವೋಲ್ಟ್‌ಮೀಟರ್ ಕಡಿಮೆ ತೋರಿಸಬಹುದು. ಮೀಟರ್ ಏನು ತೋರಿಸುತ್ತದೋ ಅದನ್ನೇ ಬರೆಯಿರಿ, ಕೋಶದ ಮೇಲೆ ಅಚ್ಚಾಗಿರುವುದನ್ನಲ್ಲ. ಇಲ್ಲಿ ಕೈ ಮುಟ್ಟಿದ್ದು ಕೋಶಗಳನ್ನು, ಅಂದರೆ ವೋಲ್ಟೇಜ್ ಸ್ವತಂತ್ರ ಚರ. ಕಣ್ಣು ಓದಿದ್ದು ಪ್ರವಾಹ. ನಾವು ಹೇಳಿಕೊಂಡ ನಿಯಮದಂತೆ ವೋಲ್ಟೇಜ್ ಎಕ್ಸ್ ಮೇಲೆ ಹೋಗಬೇಕು. ಆದರೆ ಎಷ್ಟೋ ಪುಸ್ತಕಗಳಲ್ಲಿ ವೋಲ್ಟೇಜನ್ನು ವೈ ಮೇಲೆ ಹಾಕಿರುತ್ತಾರೆ.

"ಪುಸ್ತಕ ತಪ್ಪಾ ಸರ್?" ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಆ ಪ್ರಶ್ನೆ ಬಂದ ದಿನ ನನಗೆ ಬಹಳ ಸಂತೋಷ. ಪುಸ್ತಕ ತಪ್ಪಲ್ಲ. ವೋಲ್ಟೇಜ್ ವೈ ಮೇಲಿದ್ದು ಪ್ರವಾಹ ಎಕ್ಸ್ ಮೇಲಿದ್ದರೆ ಗೆರೆಯ ಇಳಿಜಾರು ನೇರವಾಗಿ ರೋಧವೇ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ 6 ಅನ್ನು 0.60 ರಿಂದ ಭಾಗಿಸಿದರೆ 10 ಓಮ್. ಅಕ್ಷ ಬದಲಾದರೆ ಇಳಿಜಾರು 0.1 ಬರುತ್ತದೆ, ಅದನ್ನು ತಿರುಗಿಸಿ 10 ಮಾಡಬೇಕು. ಒಂದು ಹೆಜ್ಜೆ ಉಳಿಸಲು ಅಕ್ಷ ಅದಲುಬದಲು ಮಾಡಿದ್ದಾರೆ, ಅಷ್ಟೇ. ಸ್ಪ್ರಿಂಗಿನದೂ ಇದೇ ಕಥೆ. ತೂಕ ಕಟ್ಟುವವರು ನಾವು, ಹಿಗ್ಗುವುದು ಸ್ಪ್ರಿಂಗ್. ಆದರೂ ಬಲವನ್ನು ವೈ ಮೇಲೆ, ಹಿಗ್ಗಿದ ಉದ್ದವನ್ನು ಎಕ್ಸ್ ಮೇಲೆ ಹಾಕಿದರೆ ಇಳಿಜಾರು ಸ್ಪ್ರಿಂಗಿನ ಸ್ಥಿರಾಂಕವಾಗುತ್ತದೆ, ಅಂದರೆ ಸ್ಪ್ರಿಂಗ್ ಎಷ್ಟು ಬಿಗಿ ಎಂದು ಹೇಳುವ ಸಂಖ್ಯೆ. 50 ಗ್ರಾಂ ತೂಕಕ್ಕೆ 2 ಸೆಂಟಿಮೀಟರ್ ಹಿಗ್ಗಿದರೆ ಸ್ಥಿರಾಂಕ ಮೀಟರಿಗೆ 24.5 ನ್ಯೂಟನ್. ಗ್ರಾಂ ಅನ್ನು ಕಿಲೋಗ್ರಾಂ ಮಾಡಿ 9.8 ರಿಂದ ಗುಣಿಸುವುದನ್ನು ಮರೆಯಬೇಡಿ.

ಅಕ್ಷದ ಜಾಗ ಬದಲಾದರೂ ಚರದ ಪಾತ್ರ ಬದಲಾಗುವುದಿಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವೋಲ್ಟೇಜ್ ಯಾವ ಗೆರೆಯ ಮೇಲೆ ಕೂತರೂ ಆ ಪ್ರಯೋಗದಲ್ಲಿ ಸ್ವತಂತ್ರ ಚರ ವೋಲ್ಟೇಜೇ.

ಪ್ರಶ್ನೆಪತ್ರಿಕೆ ಏನು ಕೇಳುತ್ತಿದೆ ಎಂದು ತಿಳಿಯಲು ಒಂದು ಸುಲಭ ಗುರುತು ಇದೆ. "ವಿ ವರ್ಸಸ್ ಐ ಗ್ರಾಫ್ ಬರೆಯಿರಿ" (ವಿ ವೋಲ್ಟೇಜ್, ಐ ಪ್ರವಾಹ) ಅಂದರೆ ಮೊದಲು ಹೇಳಿದ್ದು ವೈ ಮೇಲೆ, ಆಮೇಲೆ ಹೇಳಿದ್ದು ಎಕ್ಸ್ ಮೇಲೆ. ಆದರೆ "ವೇಗ-ಕಾಲ ನಕ್ಷೆ" ಎಂದು ಕನ್ನಡದಲ್ಲಿ ಬರೆದಾಗ ಕೆಲವರು "ಕಾಲ-ವೇಗ" ಎಂದೂ ಬರೆಯುವುದುಂಟು, ಆಗ ಪದದ ಕ್ರಮವನ್ನು ನಂಬಬೇಡಿ, ಕಾಲವನ್ನು ಎಕ್ಸ್ ಮೇಲೇ ಹಾಕಿ.

ಇನ್ನು ಮೂರನೇ ಗುಂಪು ಒಂದಿದೆ, ಅದನ್ನು ಬಿಟ್ಟರೆ ಪ್ರಯೋಗವೇ ಕೆಡುತ್ತದೆ. ಬದಲಾಗದಂತೆ ನೋಡಿಕೊಳ್ಳಬೇಕಾದವು, ನಿಯಂತ್ರಿತ ಚರಗಳು. ನಮ್ಮ ಬೆಣ್ಣೆ ದೋಸೆ ಹಾಕುವವರನ್ನು ನೋಡಿ. ಹಂಚಿನ ಕಾವು ಹೆಚ್ಚಾದರೆ ದೋಸೆ ಎಷ್ಟು ಬೇಗ ಕೆಂಪಾಗುತ್ತದೆ ಎಂದು ತಿಳಿಯಬೇಕಾದರೆ ಹಿಟ್ಟು ಒಂದೇ ಹದದ್ದು ಇರಬೇಕು, ಸೌಟು ಒಂದೇ ಅಳತೆಯದು ಇರಬೇಕು, ಬೆಣ್ಣೆಯೂ ಅಷ್ಟೇ ಇರಬೇಕು. ಒಂದೇ ಸಲಕ್ಕೆ ಕಾವನ್ನೂ ಏರಿಸಿ ಬೆಣ್ಣೆಯನ್ನೂ ಹೆಚ್ಚು ಹಾಕಿದರೆ ಬಂದ ಬದಲಾವಣೆ ಯಾವುದರಿಂದ ಎಂದು ಹೇಳುವುದು ಹೇಗೆ? ಓಮ್ ಪ್ರಯೋಗದಲ್ಲಿ ಈ ಜಾಗದಲ್ಲಿ ತಂತಿಯ ಬಿಸಿ ಬರುತ್ತದೆ. ಸ್ವಿಚ್ ಹಾಕಿಯೇ ಬಿಟ್ಟು ಕೂತರೆ ತಂತಿ ಕಾಯುತ್ತದೆ, ರೋಧ ಹೆಚ್ಚುತ್ತದೆ, ನೇರ ಬರಬೇಕಾದ ಗೆರೆ ಬಾಗುತ್ತದೆ. ರೀಡಿಂಗ್ ತೆಗೆದ ಕೂಡಲೇ ಸ್ವಿಚ್ ಆರಿಸಿ ಎಂದು ಲ್ಯಾಬಿನಲ್ಲಿ ಹೇಳುವುದು ಬರೀ ಬ್ಯಾಟರಿ ಉಳಿಸಲು ಅಲ್ಲ.

ಇಷ್ಟನ್ನೂ ಒಟ್ಟಿಗೆ ಕಲಿಸುವ ಪ್ರಯೋಗ ಒಂದೇ ಬೇಕು ಅಂದರೆ ನಾನು ಲೋಲಕವನ್ನೇ ಆರಿಸುತ್ತೇನೆ. ಖರ್ಚಿಲ್ಲ, ಮನೆಯಲ್ಲೇ ಆಗುತ್ತದೆ. ಬಾಗಿಲ ಮೇಲಿನ ಮೊಳೆಗೆ ಗಟ್ಟಿ ದಾರ ಕಟ್ಟಿ ಕೆಳಗೆ ಒಂದು ಬೀಗ ತೂಗುಬಿಡಿ. ಮೊದಲ ಸಲ ದಾರದ ಉದ್ದ ಬದಲಾಯಿಸಿ, ಬೀಗ ಅದೇ ಇರಲಿ, ಎಳೆದು ಬಿಡುವ ಕೋನ ಚಿಕ್ಕದಾಗಿ ಒಂದೇ ತರಹ ಇರಲಿ. ಒಂದು ಆಂದೋಲನವನ್ನು ಅಳೆಯಲು ಹೋಗಬೇಡಿ, ಬೆರಳು ಒತ್ತುವ ತಡದಲ್ಲೇ ಲೆಕ್ಕ ತಪ್ಪುತ್ತದೆ. 20 ಆಂದೋಲನದ ಹೊತ್ತು ಅಳೆದು 20 ರಿಂದ ಭಾಗಿಸಿ. ಮೊಳೆಯಿಂದ ಬೀಗದ ನಡುವಿನವರೆಗೆ 25 ಸೆಂಟಿಮೀಟರ್ ಇದ್ದರೆ 20 ಆಂದೋಲನಕ್ಕೆ ಸುಮಾರು 20 ಸೆಕೆಂಡ್ ಬರಬೇಕು. 100 ಸೆಂಟಿಮೀಟರ್ ಇದ್ದರೆ ಸುಮಾರು 40. ಉದ್ದ ನಾಲ್ಕರಷ್ಟಾಯಿತು, ಅವಧಿ ಎರಡರಷ್ಟೇ ಆಯಿತು!

50 ಮತ್ತು 75 ಸೆಂಟಿಮೀಟರಿಗೂ ಅಳೆಯಿರಿ. ಅವಧಿ ಸುಮಾರು 1.42 ಮತ್ತು 1.74 ಸೆಕೆಂಡ್ ಬರುತ್ತದೆ. ಉದ್ದ ಎಕ್ಸ್ ಮೇಲೆ, ಅವಧಿ ವೈ ಮೇಲೆ ಹಾಕಿ ಚುಕ್ಕೆ ಇಟ್ಟರೆ ಗೆರೆ ಬಾಗಿರುತ್ತದೆ, ಮೊದಲು ಬೇಗ ಏರಿ ಆಮೇಲೆ ನಿಧಾನವಾಗುತ್ತದೆ. ಬಾಗಿದ ಗೆರೆ ನೋಡಿ ಇದು ಯಾವ ಸಂಬಂಧ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ನೇರ ಗೆರೆಯನ್ನು ಮಾತ್ರ ಕಣ್ಣು ನಂಬಿಕೆಯಿಂದ ಗುರುತಿಸುತ್ತದೆ. ಹಾಗಾಗಿ ವೈ ಮೇಲೆ ಅವಧಿಯ ಬದಲು ಅವಧಿಯ ವರ್ಗವನ್ನು ಹಾಕಿ. 1.01, 2.01, 3.02, 4.03. ಚುಕ್ಕೆಗಳು ಪಟ್ಟಿ ಇಟ್ಟ ಹಾಗೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು, ಆ ಗೆರೆಯ ಇಳಿಜಾರಿನಿಂದ 39.5 ಅನ್ನು ಭಾಗಿಸಿದರೆ 9.8 ಸಿಗುತ್ತದೆ. ಭೂಮಿಯ ಗುರುತ್ವವನ್ನು ಬಾಗಿಲ ಬೀಗದಿಂದ ಅಳೆದಿರಿ. 39.5 ಎಲ್ಲಿಂದ ಬಂತು ಅಂದರೆ ಅದು ಪೈಯ ವರ್ಗದ ನಾಲ್ಕರಷ್ಟು.

ಈ ಪ್ರಯೋಗದಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಗ್ರಾಫೇ ಹಿಡಿದು ಕೊಡುತ್ತದೆ. ಅವರು ದಾರದ ಉದ್ದವನ್ನು ಮಾತ್ರ ಅಳೆಯುತ್ತಾರೆ, ಬೀಗದ ನಡುವಿನವರೆಗೆ ಅಳೆಯುವುದಿಲ್ಲ. ಆಗ ಗೆರೆ ನೇರವಾಗೇ ಬರುತ್ತದೆ, ಇಳಿಜಾರೂ ಸರಿಯಾಗೇ ಇರುತ್ತದೆ, ಆದರೆ ಗೆರೆ ಸೊನ್ನೆಯ ಮೂಲಕ ಹೋಗುವುದಿಲ್ಲ. ಅದನ್ನು ಎಡಕ್ಕೆ ಎಳೆದುಕೊಂಡು ಹೋದರೆ ಎಕ್ಸ್ ಅಕ್ಷವನ್ನು ಸೊನ್ನೆಗಿಂತ ಹಿಂದೆ, ಮೈನಸ್ 3 ಸೆಂಟಿಮೀಟರ್ ಹತ್ತಿರ ಮುಟ್ಟುತ್ತದೆ. ಆ 3 ಸೆಂಟಿಮೀಟರ್ ನೀವು ಅಳೆಯದೆ ಬಿಟ್ಟ ಬೀಗದ ಭಾಗ. ಹಾಗಾಗಿ ಎಲ್ಲ ಗೆರೆಯನ್ನೂ ಬಲವಂತವಾಗಿ ಸೊನ್ನೆಯಿಂದ ಶುರು ಮಾಡಬೇಡಿ. ಚುಕ್ಕೆಯಿಂದ ಚುಕ್ಕೆಗೆ ಅಂಕುಡೊಂಕಾಗಿ ಜೋಡಿಸಲೂ ಬೇಡಿ. ಚುಕ್ಕೆಗಳು ಎರಡೂ ಕಡೆ ಸರಿಸುಮಾರು ಸಮನಾಗಿ ಉಳಿಯುವಂತೆ ಒಂದೇ ಗೆರೆ ಎಳೆದು, ಅದು ಎಲ್ಲಿಗೆ ಹೋಗುತ್ತದೋ ಹೋಗಲು ಬಿಡಿ.

ಎರಡನೇ ಸಲ ಉದ್ದವನ್ನು ಹಾಗೇ ಇಟ್ಟು ತೂಕ ಬದಲಾಯಿಸಿ. ಸಣ್ಣ ಬೀಗ, ದೊಡ್ಡ ಬೀಗ, ಎರಡು ಬೀಗ. ಈಗ ಸ್ವತಂತ್ರ ಚರ ತೂಕ, ಉದ್ದ ನಿಯಂತ್ರಿತ ಚರವಾಯಿತು. ಪ್ರತಿ ಸಲವೂ ತೂಗುವ ವಸ್ತುವಿನ ನಡುವಿನವರೆಗೆ ಅಳೆದು ಉದ್ದ ಸರಿ ಮಾಡಿಕೊಳ್ಳಿ. ಅವಧಿ ಬದಲಾಗುವುದಿಲ್ಲ, ಗ್ರಾಫ್ ಅಡ್ಡಕ್ಕೆ ಮಲಗುತ್ತದೆ. "ಏನೂ ಬರಲಿಲ್ಲ" ಎಂದು ಮಕ್ಕಳು ಮುಖ ಸಣ್ಣ ಮಾಡುತ್ತಾರೆ. ಬಂದಿದೆ. ಅವಧಿ ತೂಕವನ್ನು ಅವಲಂಬಿಸಿಲ್ಲ ಎಂದು ಆ ಮಲಗಿದ ಗೆರೆ ಹೇಳುತ್ತಿದೆ, ಅದು ಪೂರ್ತಿ ಉತ್ತರ.

ಎರಡು ಸಂಗತಿ ಒಟ್ಟಿಗೆ ಏರಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಅವಲಂಬಿಸಿದೆ ಎಂದೂ ಅಲ್ಲ. ಏಪ್ರಿಲ್ ಬಂದರೆ ನಮ್ಮ ಕಡೆ ಎಳನೀರು ಜಾಸ್ತಿ ಖರ್ಚಾಗುತ್ತದೆ, ನೀರಿನ ಟ್ಯಾಂಕರ್ ಓಡಾಟವೂ ಜಾಸ್ತಿಯಾಗುತ್ತದೆ. ಎಳನೀರು ಕುಡಿದಿದ್ದಕ್ಕೆ ಟ್ಯಾಂಕರ್ ಬಂತು ಎಂದು ಯಾರೂ ಹೇಳುವುದಿಲ್ಲ. ಎರಡನ್ನೂ ಎಳೆಯುತ್ತಿರುವುದು ಬೇಸಿಗೆ.

ಎಲ್ಲರೂ ನಮ್ಮ ರೂಢಿಯನ್ನೇ ಪಾಲಿಸುತ್ತಾರೆ ಎಂದುಕೊಳ್ಳಬೇಡಿ. ಕಾಮರ್ಸ್ ಓದುವ ಅಕ್ಕನ ಪುಸ್ತಕ ತೆಗೆದು ನೋಡಿ. ಬೇಡಿಕೆಯ ರೇಖೆಯಲ್ಲಿ ಬೆಲೆ ವೈ ಮೇಲೆ ಇರುತ್ತದೆ, ಪ್ರಮಾಣ ಎಕ್ಸ್ ಮೇಲೆ. ಬೆಲೆ ಏರಿದರೆ ಜನ ಎಷ್ಟು ಕೊಳ್ಳುತ್ತಾರೆ ಎನ್ನುವುದೇ ಪ್ರಶ್ನೆಯಾದರೆ ಬೆಲೆ ಎಕ್ಸ್ ಮೇಲೆ ಇರಬೇಕಿತ್ತು. 19ನೇ ಶತಮಾನದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಹಾಗೆ ಬರೆದರು, ಅದೇ ರೂಢಿ ಉಳಿದುಕೊಂಡಿತು. ಬೋರ್‌ವೆಲ್ ವಿಷಯದಲ್ಲೂ ಹೀಗೇ. ಎಷ್ಟು ಅಡಿ ಕೊರೆಯುತ್ತೀರಿ ಎನ್ನುವುದು ಸ್ವತಂತ್ರ ಚರ, ಆ ಆಳದಲ್ಲಿ ಎಂಥ ಕಲ್ಲು ಸಿಕ್ಕಿತು, ಎಷ್ಟು ನೀರು ಸಿಕ್ಕಿತು ಎನ್ನುವುದು ಉತ್ತರ. ಆದರೂ ಭೂಗರ್ಭದವರು ಆಳವನ್ನು ಉದ್ದಗೆರೆಯ ಮೇಲೆ, ಅದೂ ಮೇಲಿಂದ ಕೆಳಕ್ಕೆ ಇಳಿಯುವಂತೆ ಬರೆಯುತ್ತಾರೆ. ನೆಲ ಇರುವುದೇ ಹಾಗಲ್ವಾ? ಆ ಗ್ರಾಫ್ ನೋಡುವವರಿಗೆ ಬಾವಿಯೇ ಕಣ್ಣ ಮುಂದೆ ನಿಲ್ಲುತ್ತದೆ. ನನಗೆ ಅದು ಇಷ್ಟ.

ಕೊನೆಗೆ ನೀವೇ ಮಾಡಿ ನೋಡಲು ಒಂದು. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ ಎಲ್ಲರಿಗೂ ಗೊತ್ತು, ಮಾರಿಕಣಿವೆ ಎಂದೇ ಹೆಚ್ಚು ಜನ ಕರೆಯುತ್ತಾರೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಕೋಡಿ ಬೀಳುವ ಮಟ್ಟ 130 ಅಡಿ. ಅಣೆಕಟ್ಟಿನಲ್ಲಿ ಕಣ್ಣು ಓದುವುದು ನೀರಿನ ಮಟ್ಟವನ್ನು, ಅಡಿಗಳಲ್ಲಿ. ಎಷ್ಟು ನೀರಿದೆ ಎನ್ನುವುದನ್ನು ಆ ಮಟ್ಟದಿಂದ ಲೆಕ್ಕ ಹಾಕುತ್ತಾರೆ. ಹಾಗಾದರೆ ಈ ಗ್ರಾಫಿನಲ್ಲಿ ಎಕ್ಸ್ ಮೇಲೆ ಮಟ್ಟ, ವೈ ಮೇಲೆ ನೀರಿನ ಸಂಗ್ರಹ. ಮಳೆ ಬಂದು ನೀರು ಹೆಚ್ಚಿದ್ದರಿಂದಲೇ ಮಟ್ಟ ಏರಿತು, ಆದರೂ ಮಟ್ಟ ಎಕ್ಸ್ ಮೇಲೆ ಹೋಗುತ್ತದೆ, ಏಕೆಂದರೆ ಇಲ್ಲಿ ಕೇಳುತ್ತಿರುವ ಪ್ರಶ್ನೆ "ಮಟ್ಟ ಇಷ್ಟಿದ್ದರೆ ನೀರು ಎಷ್ಟು?" ಎಂದು. ಕಣಿವೆ ಕೆಳಗೆ ಕಿರಿದು, ಮೇಲಕ್ಕೆ ಹೋದಂತೆ ಅಗಲ. ಕೆಳಗಿನ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಬಹಳ ಜಾಸ್ತಿ ನೀರು ಹಿಡಿಯುತ್ತದೆ, ಹಾಗಾಗಿ ಗೆರೆ ಮೇಲಕ್ಕೆ ಬಾಗುತ್ತದೆ. ಯಾವುದೇ ಮಟ್ಟದಲ್ಲಿ ಆ ಗೆರೆಯ ಇಳಿಜಾರು ಏನನ್ನು ಹೇಳುತ್ತದೆ? ಆ ದಿನ ನೀರು ಎಷ್ಟು ಎಕರೆ ಹರಡಿಕೊಂಡಿದೆ ಎನ್ನುವುದನ್ನು. ಮನೆಯಲ್ಲಿ ಬಾಯಿ ಅಗಲವಾದ ಒಂದು ಪಾತ್ರೆ, ಒಂದು ಸ್ಕೇಲು, ಅರ್ಧ ಲೀಟರ್ ಅಳತೆ ಲೋಟ ಇದ್ದರೆ ಇದೇ ಗ್ರಾಫನ್ನು ಇವತ್ತೇ ಬರೆಯಬಹುದು. ಒಂದೊಂದೇ ಲೋಟ ಸುರಿದು ಮಟ್ಟ ಅಳೆಯಿರಿ, ಆಗ ಕೈ ಮುಟ್ಟಿದ್ದು ಲೋಟ, ಕಣ್ಣು ಓದಿದ್ದು ಮಟ್ಟ. ಅದೇ ಅಂಕಿಗಳನ್ನು ಅಕ್ಷ ಬದಲಿಸಿ ಇನ್ನೊಂದು ಹಾಳೆಯಲ್ಲಿ ಬರೆದು, ಎರಡೂ ಗೆರೆ ಯಾವ ಕಡೆ ಬಾಗಿವೆ ಎಂದು ಪಕ್ಕಪಕ್ಕ ಇಟ್ಟು ನೋಡಿ.